ದರಗಿನೊಳಗಿನ ಪುಟಾಣಿ ಇರುವೆ: ಹಿಡಿಯುವುದು ಹೇಗೆ, ಗುರುತಿಸುವುದು ಹೇಗೆ?

ತೋಟದಂಚು:

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಸಹಿಸಿಕೊಳ್ಳಿ.

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿದೆ. ಕೆಲಸ ಶಿವಮೊಗ್ಗದಲ್ಲಿ. ಶನಿವಾರ ಊರಿಗೆ ಹೋಗಿ ಸೋಮವಾರ ಬೆಳಗ್ಗೆ ವಾಪಸ್. ಹೋದ ಫೆಬ್ರವರಿಯಲ್ಲಿ ಕೊಟ್ಟಿಗೆಗೆ ದರಗು (ಉದುರಿದ ಒಣ ಎಲೆ) ತರಲು ಅಪ್ಪನ ಜೊತೆ ಸೊಪ್ಪಿನ ಬೆಟ್ಟಕ್ಕೆ ಹೋಗಿದ್ದೆ. ಹೆಡಿಗೆ ತುಂಬುವಾಗ ಅಂಗೈ ಮೇಲೆ ಒಂದು ಕಂದು ಕಣ ಬಿತ್ತು. ಮಣ್ಣಿರಬೇಕು ಅಂತ ಊದಲು ಹೋದೆ, ಅಷ್ಟರಲ್ಲಿ ಅದಕ್ಕೆ ಕಾಲು ಕಾಣಿಸಿತು. ಉದ್ದ ಎರಡು ಮಿಲಿಮೀಟರ್ ಇರಬಹುದು. ಬೆರಳು ಹತ್ತಿರ ತಂದರೆ ಓಡಲಿಲ್ಲ. ಕಾಲು ಮುದುಡಿಕೊಂಡು ಸತ್ತ ಹಾಗೆ ಬಿದ್ದುಕೊಂಡಿತು. ಅರ್ಧ ನಿಮಿಷ ಸುಮ್ನೆ ಇದ್ದು ಮತ್ತೆ ನಿಧಾನಕ್ಕೆ ಹೊರಟಿತು. ಚಗಳಿ ಗೊತ್ತು, ಗೊದ್ದ ಗೊತ್ತು, ಸಕ್ಕರೆ ಡಬ್ಬಿಯ ಇರುವೆ ಜೊತೆ ದಿನಾ ಜಗಳ. ಇಂಥದ್ದು ಮಾತ್ರ ನೋಡಿರಲಿಲ್ಲ.

ಅಲ್ಲಿಂದ ಹುಚ್ಚು ಹತ್ತಿತು. ಯಾವುದೋ ವಿಡಿಯೋ ನೋಡಿ 20 ಲೀಟರ್ ನೀರಿನ ಕ್ಯಾನಿನ ತಲೆ ಕತ್ತರಿಸಿ, ಬೋರಲು ಹಾಕಿ ಆಲಿಕೆ ಮಾಡಿದೆ. ಒಳಗೆ ಜಾಲರಿ, ಅದರ ಮೇಲೆ ದರಗು, ಮೇಲಿಂದ ಟೇಬಲ್ ಲ್ಯಾಂಪ್, ಕೆಳಗೆ ಸರ್ಜಿಕಲ್ ಸ್ಪಿರಿಟ್ ಹಾಕಿದ ಡಬ್ಬಿ. ಎರಡು ದಿನ ಬಿಟ್ಟರೆ ಮೂರೇ ಮೂರು ಹುಳ ಬಿದ್ದಿದ್ದವು, ಒಂದೂ ಇರುವೆ ಅಲ್ಲ. ಆಮೇಲೆ ಹೊಳೆಯಿತು, ಲ್ಯಾಂಪಿನಲ್ಲಿ ಇದ್ದದ್ದು ಎಲ್‌ಇಡಿ ಬಲ್ಬು. ಬೆಳಕಿದೆ, ಬಿಸಿಯೇ ಇಲ್ಲ! ಹಳೇ ಕಾಲದ 60 ವ್ಯಾಟ್ ಬಲ್ಬು ಹುಡುಕಿ ಹಾಕಿದೆ. ಈ ಸಲ 40ರಷ್ಟು ಇರುವೆ ಬಿದ್ದವು. ಆದರೆ ಹೆಚ್ಚುಕಮ್ಮಿ ಎಲ್ಲವೂ ಒಂದೇ ಥರ. ಆ ಸತ್ತಂತೆ ನಟಿಸುವವನು ಒಬ್ಬನೂ ಇಲ್ಲ. ಮುಗಿದ ಮೇಲೆ ಒಣಗಿದ ದರಗು ಕೊಡವಿದರೆ ಅದರೊಳಗೇ ಎರಡು ಸುಟ್ಟು ಮುರುಟಿ ಹೋಗಿದ್ದವು.

ಇನ್ನೂ ಒಂದು ಹೇಳಲೇಬೇಕು. ಡಬ್ಬಿ ಮೇಲೆ ಮಾರ್ಕರ್ ಪೆನ್ನಿನಲ್ಲಿ ಜಾಗ, ತಾರೀಖು ಬರೆದಿದ್ದೆ. ಸ್ಪಿರಿಟ್ ತಾಗಿ ಎಲ್ಲ ಅಳಿಸಿ ಹೋಯಿತು. ಈಗ ಮೂರು ಡಬ್ಬಿ ಇದೆ, ಯಾವುದು ಬೆಟ್ಟದ್ದು, ಯಾವುದು ತೋಟದ್ದು ಗೊತ್ತಿಲ್ಲ.

ಈಗ ಮಳೆ ಹಿಡಿದಿದೆ, ಅಕ್ಟೋಬರಿನಲ್ಲಿ ಮತ್ತೆ ಶುರು ಮಾಡಬೇಕು ಅಂತಿದ್ದೇನೆ. ಈ ನಿಧಾನದ ಇರುವೆಗಳನ್ನು ಹಿಡಿಯುವುದು ಹೇಗೆ? ಹಿಡಿದ ಮೇಲೆ ಹೆಸರು ಹುಡುಕುವುದು ಎಲ್ಲಿಂದ ಶುರು ಮಾಡಬೇಕು? ಮೊಬೈಲಿಗೆ ಸಿಕ್ಕಿಸುವ ಲೆನ್ಸ್ ಸಾಕಾ? ನಾನು ಓದಿದ್ದು ಬಿ.ಕಾಂ., ಹಾಗಾಗಿ ದಯವಿಟ್ಟು ಬಿಡಿಸಿ ಹೇಳಿ.


ಜರಡಿ_ಸಂಚಿ:

ನಿಮ್ಮ ಎಲ್‌ಇಡಿ ಕಥೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ, ನಾನೂ ಅದೇ ಮಾಡಿದ್ದೆ. ಕೆಲವು ವರ್ಷ ಇರುವೆ ಹುಡುಕುವವರ ಜೊತೆ ಫೀಲ್ಡ್ ಸಹಾಯಕನಾಗಿ ತಿರುಗಿದ್ದೇನೆ, ಆ ಅನುಭವದಲ್ಲಿ ಹೇಳುತ್ತೇನೆ.

ನೀವು ಮಾಡಿದ ಆಲಿಕೆ ಹೊಸದಲ್ಲ. ಇಟಲಿಯ ಬೆರ್ಲೇಸೆ 1905ರಲ್ಲಿ ಮಾಡಿದ್ದು, ಆತ ಬಿಸಿನೀರಿನಿಂದ ಕಾಯಿಸುತ್ತಿದ್ದ. ಆಮೇಲೆ 1918ರಲ್ಲಿ ಸ್ವೀಡನ್ನಿನ ಟುಲ್‌ಗ್ರೆನ್ ಅದಕ್ಕೆ ಬಲ್ಬು ತಂದ. ಚುರುಕಾಗಿ ಓಡುವ ಹುಳಕ್ಕೆ ಅದು ಸರಿ. ನಿಮ್ಮವನಿಗೆ ಸರಿಯಲ್ಲ. ಮೇಲಿಂದ ಬಿಸಿ ಬೇಗ ಇಳಿಯುತ್ತದೆ, ಇವನು ಅಪಾಯ ಅಂದರೆ ಓಡುವವನಲ್ಲ, ಮುದುಡಿ ಕೂರುವವನು. ಕೂತಲ್ಲೇ ಬೇಯುತ್ತಾನೆ. ನೀವು ಕಂಡ ಆ ಎರಡು ಸುಟ್ಟ ಇರುವೆಗಳೇ ಸಾಕ್ಷಿ.

ದರಗಿನ ಇರುವೆಗೆ ಎಲ್ಲ ಕಡೆ ಬಳಸುವುದು ವಿಂಕ್ಲರ್ ಚೀಲ. ಬಿಸಿಯೇ ಬೇಡ, ಕರೆಂಟೂ ಬೇಡ. ದರಗು ತಾನಾಗಿ ಒಣಗುತ್ತಾ ಬಂದ ಹಾಗೆ ಹುಳಗಳು ತಂಪು ಹುಡುಕಿಕೊಂಡು ಅಲೆದಾಡುತ್ತವೆ, ಜಾಲರಿಯ ಅಂಚಿಗೆ ಬಂದು ಕೆಳಗೆ ಬೀಳುತ್ತವೆ. ಅಷ್ಟೇ ಉಪಾಯ. ಕೊಂಡರೆ ದುಬಾರಿ. ನಾನು ದರ್ಜಿ ಹತ್ತಿರ ಹೊಲಿಸಿದ್ದು. ಒತ್ತಾದ ಬಿಳಿ ಕಾಟನ್ ಬಟ್ಟೆಯಲ್ಲಿ ಮೇಲೆ ಅಗಲ, ಕೆಳಗೆ ಚೂಪು, ದೊಡ್ಡ ಜೋಳಿಗೆ ಥರ. ಬಾಯಿಗೆ ದಪ್ಪ ತಂತಿಯ ಚೌಕ. ಕೆಳತುದಿಗೆ ಸ್ಪಿರಿಟ್ ಹಾಕಿದ ಡಬ್ಬಿ ಕಟ್ಟಲು ಲಾಡಿ. ಒಳಗೆ ಜಾಲರಿ ಚೀಲ ತೂಗಬೇಕು, ಅದಕ್ಕೆ ಈರುಳ್ಳಿ ಚೀಲವೇ ಸಾಕು. ಆ ಒಳಚೀಲ ಹೊರಗಿನ ಬಟ್ಟೆಗೆ ತಾಗಬಾರದು, ಇದು ಮುಖ್ಯ. ತಾಗಿದರೆ ಇರುವೆ ಬಟ್ಟೆ ಹತ್ತಿ ಕೂರುತ್ತದೆ, ಡಬ್ಬಿಗೆ ಬೀಳುವುದಿಲ್ಲ.

ಈರುಳ್ಳಿ ಚೀಲಕ್ಕೆ ನೇರವಾಗಿ ದರಗು ತುಂಬಬೇಡಿ. ಮೊದಲು ಜರಡಿ. ಒಂದು ಮೀಟರ್ ಉದ್ದಗಲದ ಚೌಕ ಗುರುತು ಮಾಡಿ, ಅಂಚಿನಿಂದ ನಡುವಿಗೆ ಬೇಗ ಬೇಗ ಕೆರೆದು, ಮೇಲಿನ ಸಡಿಲ ಮಣ್ಣು, ಕೊಳೆತ ಕಡ್ಡಿ ಎಲ್ಲ ಸೇರಿಸಿ ಜರಡಿಗೆ ಹಾಕಿ. ನಿಧಾನ ಮಾಡಿದರೆ ಓಡುವ ಇರುವೆಗಳು ಓಡಿಹೋಗುತ್ತವೆ. ಕಡ್ಡಿ ಮುರಿದು ಹಾಕುವುದು ಮರೆಯಬೇಡಿ, ಪೆನ್ಸಿಲ್ ದಪ್ಪದ ಪೊಳ್ಳು ಕಡ್ಡಿಯಲ್ಲಿ ಇಡೀ ಸಂಸಾರ ಇರುತ್ತದೆ. ಜರಡಿಯ ಕಣ್ಣು ಒಂದು ಸೆಂಟಿಮೀಟರ್ ಆಸುಪಾಸು ಇರಲಿ. ಅಡಿಕೆ ಜರಡಿ ಇದ್ದರೆ ನೋಡಿ, ಕಣ್ಣು ಹೊಂದಿದರೆ ಅದೇ ಆಗುತ್ತದೆ. ಮೇಲೆ ಉಳಿದ ಎಲೆ ಅಲ್ಲೇ ವಾಪಸ್ ಹರಡಿ, ಕೆಳಗೆ ಉದುರಿದ್ದು ಮಾತ್ರ ಮನೆಗೆ. ಬಟ್ಟೆ ಚೀಲದಲ್ಲಿ ತನ್ನಿ, ಪ್ಲಾಸ್ಟಿಕ್ಕಿನಲ್ಲಿ ಬೆವತು ಎಲ್ಲ ಸಾಯುತ್ತವೆ.

ಸಾಮಾನ್ಯವಾಗಿ 48 ಗಂಟೆ ತೂಗುಹಾಕುತ್ತಾರೆ. ನಮ್ಮ ಮಲೆನಾಡಿನ ತೇವಕ್ಕೆ ಅದು ಸಾಲದು ಅಂತ ನನ್ನ ಲೆಕ್ಕ. ನಾನು ಮೂರು ನಾಲ್ಕು ದಿನ ಬಿಡುತ್ತೇನೆ, ಮಧ್ಯೆ ಒಮ್ಮೆ ಒಳಚೀಲದ ದರಗನ್ನು ಒಂದು ಬುಟ್ಟಿಗೆ ಸುರಿದು ಮಗುಚಿ ಮತ್ತೆ ತುಂಬುತ್ತೇನೆ. ಸುರಿದಾಗ ಇರುವೆಗಳಿಗೆ ಮತ್ತೆ ಓಡಾಟ ಶುರು. ಮಳೆ ಬಂದ ಮರುದಿನ ಹೋಗಬೇಡಿ. ಎಲೆ ಒಂದಕ್ಕೊಂದು ಅಂಟಿ ಜರಡಿಯಲ್ಲಿ ಏನೂ ಇಳಿಯುವುದಿಲ್ಲ. ಎರಡು ಮೂರು ದಿನ ಹೊಳವಾಗಿ, ಎಲೆ ಹಿಂಡಿದರೆ ನೀರು ಬರದ ಹಾಗಿದ್ದು, ಕೆಳಗೆ ಮಣ್ಣು ಇನ್ನೂ ತಂಪಾಗಿರಬೇಕು.

ಮಾರ್ಕರ್ ವಿಷಯ: ಪೆನ್ಸಿಲ್. ದಪ್ಪ ಕಾಗದದ ಚೂರಿನಲ್ಲಿ ಪೆನ್ಸಿಲ್ಲಿನಿಂದ ಬರೆದು ಡಬ್ಬಿಯ ಒಳಗೇ, ಸ್ಪಿರಿಟ್ಟಿನೊಳಗೇ ಹಾಕಿ. ಊರು, ತಾಲ್ಲೂಕು, ಜಿಪಿಎಸ್, ತಾರೀಖು, ಎಂಥ ಜಾಗ, ಹೇಗೆ ಹಿಡಿದಿದ್ದು, ಯಾರು ಹಿಡಿದಿದ್ದು. ನಿಮ್ಮ ಆ ಮೂರು ಡಬ್ಬಿ ಕಣ್ಣು ಪಳಗಿಸಲು ಇಟ್ಟುಕೊಳ್ಳಿ, ದಾಖಲೆಗೆ ಬರುವುದಿಲ್ಲ. ಹೆಸರು ಗೊತ್ತಿಲ್ಲದ ಇರುವೆಗೆ ಹತ್ತು ವರ್ಷ ಬಿಟ್ಟೂ ಹೆಸರು ಕೊಡಬಹುದು. ಊರು ಗೊತ್ತಿಲ್ಲದ ಇರುವೆಗೆ ಯಾರೂ ಏನೂ ಮಾಡಲಾಗುವುದಿಲ್ಲ.


ಸೊರಬದ_ಕಾನು:

ಇರುವೆ ಬಗ್ಗೆ ನನಗೆ ಗೊತ್ತಿಲ್ಲ ಮಾರಾಯ್ರೇ, ಆದರೆ ಫೆಬ್ರವರಿ ಅಂತ ಓದಿದ ತಕ್ಷಣ ಬರೆಯುತ್ತಿದ್ದೇನೆ. ಫೆಬ್ರವರಿಯಲ್ಲಿ ದರಗಿನಲ್ಲಿ ಕೈಯಾಡಿಸುವುದು, ಅದನ್ನು ಶಿವಮೊಗ್ಗದ ರೂಮಿಗೆ ತಂದು ಬಲ್ಬಿನ ಕೆಳಗೆ ಇಡುವುದು, ಇದೆಲ್ಲ ತಮಾಷೆ ಅಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದೇ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಅದನ್ನು ಹರಡುವ ಉಣುಗಿನ (ಉಣ್ಣೆ) ಮರಿಗಳು ಇರುವುದು ಇದೇ ದರಗಿನಲ್ಲಿ, ಅವುಗಳ ಕಾಟ ಜಾಸ್ತಿ ಆಗುವುದು ಡಿಸೆಂಬರಿನಿಂದ ಮೇ ತನಕ. ಮರಿ ಉಣುಗು ಅಂದರೆ ನಿಮ್ಮ ಇರುವೆಗಿಂತ ಸಣ್ಣ, ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ನೀವು ಇರುವೆ ಹಿಡಿಯುವ ಚೀಲದಲ್ಲಿ ಅದೂ ಬಂದೇ ಬರುತ್ತದೆ ಅಲ್ವಾ?

ಹಾಗಾಗಿ ಅಕ್ಟೋಬರ್ ಅಂದಿದ್ದು ಒಳ್ಳೆಯದಾಯಿತು. ಆಗಲೂ ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿ, ತುಂಬು ತೋಳಿನ ಅಂಗಿ ಹಾಕಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೈ ನೋಡಿಕೊಳ್ಳಿ. ನಮ್ಮ ಕಡೆ ಆರೋಗ್ಯ ಇಲಾಖೆಯವರು ಉಣುಗು ಹತ್ತದ ಹಾಗೆ ತಡೆಯುವ ಡೆಪಾ ಎಣ್ಣೆ ಕೊಡುತ್ತಾರೆ, ಕೈಕಾಲಿಗೆ ಹಚ್ಚಿಕೊಂಡು ಕಾಡಿಗೆ ಹೋಗುತ್ತೇವೆ. ಸುತ್ತಮುತ್ತ ಮಂಗ ಸತ್ತಿದೆ ಅಂತ ಸುದ್ದಿ ಬಂದರೆ ಆ ವರ್ಷ ಇರುವೆಯನ್ನು ಮರೆತುಬಿಡಿ. ಉಂಬಳದ (ಜಿಗಣೆ) ಬಗ್ಗೆ ನಾನು ಹೇಳಬೇಕಾಗಿಲ್ಲ, ಆಗುಂಬೆ ಕಡೆಯವರು ನೀವು.

ಇನ್ನೊಂದು ಮಾತು. ಸೊಪ್ಪಿನ ಬೆಟ್ಟ ನಮ್ಮದು ಅಂತ ಅಂದುಕೊಂಡಿರುತ್ತೇವೆ, ಆದರೆ ಜಾಗ ಸರ್ಕಾರದ್ದು. ಸೊಪ್ಪು, ದರಗು ತರುವ ಸವಲತ್ತು ಮಾತ್ರ ನಮ್ಮದು. ಅಲ್ಲಿಂದ ಹುಳ ಹಿಡಿಯುವುದಿದ್ದರೆ ಫಾರೆಸ್ಟ್ ರೇಂಜ್ ಆಫೀಸಿನಲ್ಲಿ ಒಂದು ಮಾತು ಕೇಳಿ. ಶೆಟ್ಟಿಹಳ್ಳಿ, ಶರಾವತಿ, ಸೋಮೇಶ್ವರ ಇಂಥ ಅಭಯಾರಣ್ಯದೊಳಗೆ ಅನುಮತಿ ಇಲ್ಲದೆ ಒಂದು ಎಲೆ ಎತ್ತುವುದೂ ಬೇಡ.


ತೋಟದಂಚು:

ಉಣುಗಿನ ವಿಷಯ ತಲೆಗೇ ಬಂದಿರಲಿಲ್ಲ. ಅಮ್ಮನಿಗೆ ಓದಿ ಹೇಳಿದೆ, ಈಗ ಮನೆಯೊಳಗೆ ದರಗು ತರುವುದಕ್ಕೇ ನಿಷೇಧ! ಚೀಲ ತೂಗುಹಾಕಲು ಅಡಿಕೆ ಒಣಗಿಸುವ ಶೆಡ್ಡು ಸಿಕ್ಕಿದೆ. ಬೆಟ್ಟದ ಸಹವಾಸ ಸದ್ಯಕ್ಕೆ ಬಿಟ್ಟೆ. ನಮ್ಮದೇ ತೋಟದ ಮೇಲಿನ ಅಂಚಿನಲ್ಲಿ ಹಲಸು, ಧೂಪ, ನೇರಳೆ ಮರ ಇರುವ ಅರ್ಧ ಎಕರೆ ಇದೆ, ಪಹಣಿ ಅಪ್ಪನ ಹೆಸರಿನಲ್ಲಿದೆ, ಅಲ್ಲೇ ಶುರು ಮಾಡುತ್ತೇನೆ.

ಗುರುತಿಸುವುದರ ಬಗ್ಗೆ ಯಾರಾದರೂ ಹೇಳಿ. ಹಳೇ ಡಬ್ಬಿಯವನ್ನೇ ಮೊಬೈಲ್ ಲೆನ್ಸಿನಲ್ಲಿ ನೋಡಿದೆ, ಎಲ್ಲ ಕಂದು ಚುಕ್ಕಿ.


ಎರಡು_ಗಂಟು:

ಮೊಬೈಲ್ ಲೆನ್ಸ್ ಗೊದ್ದಕ್ಕೆ ಸಾಕು, ಇದಕ್ಕೆ ಸಾಲದು. 10 ಪಟ್ಟು ಹಿಗ್ಗಿಸುವ ಕೈ ಲೆನ್ಸಿನಲ್ಲಿ ಇರುವೆ ಹೌದೋ ಅಲ್ಲವೋ ಅಂತ ಗೊತ್ತಾಗುತ್ತದೆ. ಮೀಸೆಯ ಗೆಣ್ಣು ಎಣಿಸಲು 40 ಪಟ್ಟು ಬೇಕು, ಎರಡು ಕಣ್ಣಿನಲ್ಲಿ ನೋಡುವ ಸ್ಟೀರಿಯೋ ಮೈಕ್ರೋಸ್ಕೋಪ್. ಕಾಗದದ ಫೋಲ್ಡ್‌ಸ್ಕೋಪ್ ತಗೋತೀರಾ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು 140 ಪಟ್ಟು ಹಿಗ್ಗಿಸುತ್ತದೆ, ಒಳ್ಳೆಯದೇ, ಆದರೆ ಬೆಳಕು ವಸ್ತುವಿನ ಮೂಲಕ ಹಾದು ಬರಬೇಕು. ಇಡೀ ಇರುವೆ ಇಟ್ಟರೆ ಕಪ್ಪು ನೆರಳು ಕಾಣುತ್ತದೆ ಅಷ್ಟೇ. ಹತ್ತಿರದ ಡಿಗ್ರಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಕೇಳಿ ನೋಡಿ. ಎಷ್ಟೋ ಕಡೆ ಮೈಕ್ರೋಸ್ಕೋಪ್ ಬೀರುವಿನಲ್ಲೇ ನಿದ್ದೆ ಮಾಡುತ್ತಿರುತ್ತದೆ.

ಈಗ ನೋಡುವ ಕ್ರಮ. ಬಣ್ಣ ನೋಡಬೇಡಿ, ಅದು ಮೋಸ. ಮೊದಲು ಸೊಂಟ ನೋಡಿ. ಎದೆಗೂ ಹೊಟ್ಟೆಗೂ ನಡುವೆ ಗಂಟು ಎಷ್ಟು? ಒಂದೋ, ಎರಡೋ? ಭಾರತದಲ್ಲಿ 800ಕ್ಕೂ ಹೆಚ್ಚು ಜಾತಿಯ ಇರುವೆ ಇವೆ, ಈ ಒಂದು ಪ್ರಶ್ನೆಯಲ್ಲೇ ದೊಡ್ಡ ಗುಂಪು ಬೇರೆ ಆಗಿಬಿಡುತ್ತದೆ. ದರಗಿನಲ್ಲಿ ಎರಡು ಗಂಟಿದ್ದರೆ ಬಹುಪಾಲು ಮಿರ್ಮಿಸಿನೆ ಅನ್ನುವ ಬಳಗ. ಒಂದೇ ಗಂಟಿದ್ದರೆ ಹೊಟ್ಟೆಯ ತುದಿ ನೋಡಿ. ಕೊಂಡಿ ಇದ್ದರೆ ಒಂದು ಕಡೆ, ಕೊಂಡಿ ಇಲ್ಲದೆ ಪುಟ್ಟ ಗುಂಡು ರಂಧ್ರ, ಅದರ ಸುತ್ತ ಕೂದಲ ಉಂಗುರ ಇದ್ದರೆ ಫಾರ್ಮಿಸಿನೆ, ಅಂದರೆ ನಿಮ್ಮ ಚಗಳಿ, ಗೊದ್ದದ ಬಳಗ.

ಆಮೇಲೆ ಮೀಸೆ. ಇರುವೆಯ ಮೀಸೆ ಮೊಣಕೈ ಥರ ಮಡಚಿರುತ್ತದೆ. ಬುಡದ ಉದ್ದ ತುಂಡನ್ನೂ ಸೇರಿಸಿ ಗೆಣ್ಣು ಎಣಿಸಿ, ತುದಿಯಲ್ಲಿ ದಪ್ಪ ಆಗಿರುವ ಗೆಣ್ಣು ಎಷ್ಟು ಅಂತಲೂ ನೋಡಿ. ಸುಮ್ನೆ ಒಮ್ಮೆ ಎಣಿಸಿದರೆ ತಪ್ಪುತ್ತದೆ, ಎರಡೂ ಮೀಸೆ ಎಣಿಸಿ. 12 ಗೆಣ್ಣು, ತುದಿಯ ಮೂರು ದಪ್ಪ, ಜೊತೆಗೆ ಅದೇ ಚೌಕದಲ್ಲಿ ದೊಡ್ಡ ತಲೆಯ ಸೈನಿಕ ಸಿಕ್ಕಿದ್ದರೆ ಫೈಡೋಲಿ. ನಿಮ್ಮ 40 ಇರುವೆ ಬಹುಶಃ ಇವೇ, ಎಲ್ಲಿ ನೋಡಿದರೂ ಇವರದ್ದೇ ಕಾರುಬಾರು. 10 ಗೆಣ್ಣು, ತುದಿಯ ಎರಡು ದಪ್ಪ, ಬೆನ್ನಿನ ಹಿಂಭಾಗದಲ್ಲಿ ಮುಳ್ಳಿಲ್ಲದೆ ಉರುಟು ಇದ್ದರೆ ಸೊಲೆನಾಪ್ಸಿಸ್. ಒಂದು ಮಿಲಿಮೀಟರಿನ ಹಳದಿ ಕೂಲಿಯಾಳುಗಳ ಜೊತೆ ಅದೇ ಗೂಡಿನಲ್ಲಿ ಅವುಗಳ ಹತ್ತು ಪಟ್ಟು ಕಾಣುವ ದಾಂಡಿಗ ಇದ್ದರೆ ಕ್ಯಾರೆಬಾರಾ ಇರಬಹುದು. ಮೀಸೆಯ ಕೊನೆಯ ಗೆಣ್ಣು ಮಾತ್ರ ಬಲ್ಬಿನ ಹಾಗೆ ಊದಿ, ಹೊಟ್ಟೆ ಮುಂದಕ್ಕೆ ಬಾಗಿದ್ದರೆ ಡಿಸ್ಕೊಥೈರಿಯಾ, ಜೇಡದ ಮೊಟ್ಟೆ ತಿಂದು ಬದುಕುವವನು. ಅದು ಸಿಕ್ಕಿದರೆ ನನಗೆ ಹೇಳಿ, ಕಾಫಿ ಕುಡಿಸುತ್ತೇನೆ.

ನಿಮ್ಮ ಸತ್ತಂತೆ ನಟಿಸುವವನ ಮೇಲೆ ನನಗೆ ಒಂದು ಅನುಮಾನ ಇದೆ. ಆ ಸುಟ್ಟ ಎರಡನ್ನು ಎಸೆದಿಲ್ಲ ತಾನೇ? ತಲೆ ಯಾವ ಆಕಾರ ನೋಡಿ ಹೇಳಿ.


ಮಲೆ_ನೋಟ:

ಒಂದು ಪ್ರಶ್ನೆ ಕೇಳಬಹುದಾ? ಇಷ್ಟೆಲ್ಲ ಇರುವೆ ಸಾಯಿಸಲೇಬೇಕಾ? ಫೋಟೋ ಸಾಲದಾ? ನಾನು ಹಕ್ಕಿ ನೋಡುವವಳು, ನಮಗೆ ಕ್ಯಾಮೆರಾ ಸಾಕಾಗುತ್ತದೆ.


ಜರಡಿ_ಸಂಚಿ:

ಮೇಡಂ, ನ್ಯಾಯವಾದ ಪ್ರಶ್ನೆ. ಹಕ್ಕಿಯ ರೆಕ್ಕೆ ಬಣ್ಣ ದುರ್ಬೀನಿನಲ್ಲಿ ಕಾಣುತ್ತದೆ. ಇದರ ಮೀಸೆಯ ಗೆಣ್ಣು ಜೀವಂತ ಓಡಾಡುವಾಗ ಯಾರಿಗೂ ಕಾಣುವುದಿಲ್ಲ. ಜಾಸ್ತಿ ಬೇಡ ಅನ್ನುವುದು ಮಾತ್ರ ನಿಜ. ಒಂದು ಚೌಕದ ಜಾಗಕ್ಕೆ ಹತ್ತು ಚೌಕ ಮಾಡುವುದು, ಗೂಡು ಸಿಕ್ಕಿತು ಅಂತ ಇಡೀ ಗೂಡು ಬಾಚುವುದು, ಇದು ದುರಾಸೆ. ಗೂಡು ಸಿಕ್ಕಿದರೆ ನಾನು ಐದಾರು ಕೂಲಿಯಾಳು, ಇದ್ದರೆ ಒಂದಿಬ್ಬರು ಸೈನಿಕರನ್ನು ತೆಗೆದು ಕಡ್ಡಿ ಮುಚ್ಚಿ ವಾಪಸ್ ಇಡುತ್ತೇನೆ. ರಾಣಿಯನ್ನು ಮುಟ್ಟುವುದಿಲ್ಲ. ಎತ್ತಲು ಸಣ್ಣ ಪೇಂಟ್ ಬ್ರಷ್ಷಿನ ತುದಿ ಸ್ಪಿರಿಟ್ಟಿನಲ್ಲಿ ಅದ್ದಿ ತಾಗಿಸಿದರೆ ಸಾಕು, ಅಂಟಿಕೊಂಡು ಬರುತ್ತದೆ. ಚಿಮಟದಲ್ಲಿ ಹಿಡಿದರೆ ಸೊಂಟವೇ ಮುರಿಯುತ್ತದೆ, ಆಮೇಲೆ ಗಂಟು ಎಣಿಸುವುದು ಎಲ್ಲಿಂದ!


ತೋಟದಂಚು:

ಎರಡು ವಾರ ಬಿಟ್ಟು ಬಂದೆ, ಕ್ಷಮಿಸಿ. ಒಬ್ಬ ಸ್ನೇಹಿತನ ತಂಗಿ ಎಂ.ಎಸ್ಸಿ. ಓದುತ್ತಿದ್ದಾಳೆ, ಅವಳ ಮೇಷ್ಟ್ರನ್ನು ಕೇಳಿ ಮೈಕ್ರೋಸ್ಕೋಪಿನ ಮುಂದೆ ಒಂದು ಮಧ್ಯಾಹ್ನ ಕೂರಲು ಸಿಕ್ಕಿತು. ಮೊದಲ ಸಲ ಫೋಕಸ್ ಸಿಕ್ಕಾಗ ಕುರ್ಚಿಯಿಂದ ಎದ್ದೇ ಬಿಟ್ಟೆ.

ಆ ಸುಟ್ಟವನು. ಸೊಂಟದಲ್ಲಿ ಎರಡು ಗಂಟು. ತಲೆ ಹಿಂದೆ ಅಗಲ, ಮುಂದೆ ಬಂದ ಹಾಗೆ ಕಿರಿದು, ಹೆಚ್ಚುಕಮ್ಮಿ ವೀಳ್ಯದೆಲೆ ಹಾಗೆ. ಮೀಸೆಗೆ ಆರೇ ಗೆಣ್ಣು, ಎರಡೂ ಕಡೆ ಎಣಿಸಿದೆ. ಮೈಮೇಲೆ ಚಮಚದ ಆಕಾರದ ಕೂದಲು. ವಿಚಿತ್ರ ಅಂದರೆ ಸೊಂಟದ ಗಂಟಿನ ಸುತ್ತ ಬಿಳಿ ಬಿಳಿ ಏನೋ ಅಂಟಿದೆ, ಥರ್ಮಾಕೋಲ್ ಪುಡಿ ಹಾಗೆ. ಬೂಸ್ಟು ಹಿಡಿದಿದೆ ಅಂತ ಬ್ರಷ್ಷಿನಲ್ಲಿ ಉಜ್ಜಿದೆ, ಹೋಗಲಿಲ್ಲ.


ಎರಡು_ಗಂಟು:

ಉಜ್ಜಬೇಡಿ ಮಾರಾಯ್ರೇ, ಅದು ಅದರ ಮೈಯೇ! ಆ ಸ್ಪಂಜಿನಂಥ ಭಾಗ, ವೀಳ್ಯದೆಲೆ ತಲೆ, ಆರು ಗೆಣ್ಣು, ಚಮಚದ ಕೂದಲು. ಇದು ಸ್ಟ್ರುಮಿಜೆನಿಸ್. ನನ್ನ ಅನುಮಾನವೂ ಇದೇ ಇತ್ತು, ನಿಧಾನ ನಡೆದು ಸತ್ತಂತೆ ಬೀಳುವುದು ಇವರ ಅಭ್ಯಾಸ. ದರಗಿನಲ್ಲಿ ಟಪ್ ಅಂತ ಜಿಗಿಯುವ ಪುಟ್ಟ ಹುಳ ಇರುತ್ತದಲ್ಲ, ಸ್ಪ್ರಿಂಗ್‌ಟೇಲ್, ಅದೇ ಇವರ ಮುಖ್ಯ ಊಟ. ಜಿಗಿಯುವ ಬೇಟೆಯನ್ನು ಓಡಿ ಹಿಡಿಯಲು ಆಗುತ್ತದಾ? ಹಾಗಾಗಿ ಇಂಚಿಂಚೇ ಹತ್ತಿರ ಹೋಗಿ ಒಮ್ಮೆಲೇ ದವಡೆ ಮುಚ್ಚುವುದು. ಇನ್ನು ದವಡೆ ನೋಡಿ. ಚಿಕ್ಕದಾಗಿ ತ್ರಿಕೋನ ಥರ ಇದೆಯೋ, ಕಡ್ಡಿ ಹಾಗೆ ಉದ್ದಕ್ಕೆ ಚಾಚಿ ತುದಿಯಲ್ಲಿ ಕೊಕ್ಕೆ ಇದೆಯೋ? ಇಲ್ಲಿಂದ ಮುಂದೆ ಎರಡು ದಾರಿ.

ಜಾತಿಯ ಹೆಸರಿಗೆ ಮಾತ್ರ ಆತುರ ಬೇಡ. ಜಗತ್ತಿನಲ್ಲಿ ಇವೇ 800ಕ್ಕೂ ಹೆಚ್ಚು ಜಾತಿ ಇವೆ. ಆಂಟ್‌ವೆಬ್ ತಾಣದಲ್ಲಿ ತಲೆ, ಪಕ್ಕ, ಮೇಲೆ ಅಂತ ಮೂರು ಕಡೆಯಿಂದ ತೆಗೆದ ಫೋಟೋ ಇರುತ್ತವೆ, ಭಾರತದ್ದನ್ನು ಮಾತ್ರ ತೆರೆದು ಹೋಲಿಸಿ. ಭಾರತದ ಇರುವೆಗಳ ಬಗ್ಗೆ ಬಿಂಗ್‌ಹ್ಯಾಮ್ 1903ರಲ್ಲಿ ಬರೆದ ಸಂಪುಟವೂ ನೆಟ್ಟಿನಲ್ಲಿ ಉಚಿತ, ಆದರೆ ಅದರಲ್ಲಿನ ಎಷ್ಟೋ ಹೆಸರು ಈಗ ಬದಲಾಗಿವೆ. ಫೋಟೋ ತೆಗೆಯುವ ಮುಂಚೆ ಇರುವೆಯನ್ನು ಒಣಗಿಸಿ ಕಾಗದದ ತ್ರಿಕೋನದ ಚೂಪು ತುದಿಗೆ ಅಂಟಿಸಿಕೊಳ್ಳಿ. ಮಧ್ಯದ ಕಾಲು ಮತ್ತು ಹಿಂದಿನ ಕಾಲಿನ ಬುಡದ ನಡುವೆ ಅಂಟು ತಾಗಬೇಕು, ಆಗ ತಲೆ, ಸೊಂಟ ಎರಡೂ ಕಾಣುತ್ತದೆ. ಫೆವಿಕಾಲ್ ಸಾಕು, ಸೂಜಿ ತುದಿಯಷ್ಟು. ನೀರಿನಲ್ಲಿ ಬಿಡಿಸಿಕೊಳ್ಳುವುದರಿಂದ ತಪ್ಪಾದರೆ ಮತ್ತೆ ಅಂಟಿಸಬಹುದು. ಫೆವಿಕ್ವಿಕ್ ಬೇಡವೇ ಬೇಡ.


ತೋಟದಂಚು:

ದವಡೆ ಚಿಕ್ಕದು, ತ್ರಿಕೋನ. ಬರೆದಿಟ್ಟುಕೊಂಡೆ.

ಚೀಲ ಹೊಲಿದಾಯಿತು. ಇದು ಯಾವ ದೇವರ ಜೋಳಿಗೆ ಅಂತ ದರ್ಜಿಯವರು ಕೇಳಿದರು, ಇರುವೆ ಹಿಡಿಯಲು ಅಂದೆ, ಮುಂಗಡ ದುಡ್ಡು ತಗೊಂಡರು. ಒಂದೇ ತೊಂದರೆ, ಈರುಳ್ಳಿ ಚೀಲದ ಕಣ್ಣು ದೊಡ್ಡದಿದೆ, ನೇತುಹಾಕುವಾಗ ದರಗಿನ ಪುಡಿಯೆಲ್ಲ ಸ್ಪಿರಿಟ್ಟಿಗೆ ಉದುರುತ್ತದೆ. ಏನು ಮಾಡಲಿ?


ಜರಡಿ_ಸಂಚಿ:

ಮೊದಲು ಡಬ್ಬಿ ಕಟ್ಟಬೇಡಿ. ಒಳಚೀಲ ನೇತುಹಾಕಿ, ಅಲ್ಲಾಡುವುದು ನಿಂತ ಮೇಲೆ ಕೆಳತುದಿಗೆ ಖಾಲಿ ಡಬ್ಬಿ ಹಿಡಿದು ಹೊರಗಿನ ಬಟ್ಟೆಯನ್ನು ಎರಡು ಸಲ ತಟ್ಟಿ. ಬಿದ್ದ ಪುಡಿಯನ್ನು ಮೇಲಿಂದ ಒಳಚೀಲಕ್ಕೇ ವಾಪಸ್ ಹಾಕಿ, ಎಸೆಯಬೇಡಿ, ಅದರಲ್ಲೂ ಇರುವೆ ಇರುತ್ತದೆ. ಆಮೇಲೆ ಸ್ಪಿರಿಟ್ ಡಬ್ಬಿ ಕಟ್ಟಿ. ಇನ್ನೂ ಉದುರಿದರೆ ಎರಡು ಈರುಳ್ಳಿ ಚೀಲ ಒಂದರೊಳಗೊಂದು ಹಾಕಿ, ಕಣ್ಣು ಓರೆಯಾಗಿ ಚಿಕ್ಕದಾಗುತ್ತದೆ. ಪೆನ್ಸಿಲ್ ಚೀಟಿ ಮೊದಲೇ ಡಬ್ಬಿಯೊಳಗೆ ಹಾಕಿದ್ದೀರಿ ತಾನೇ?


ತೋಟದಂಚು:

ಹಾಕಿಲ್ಲ. ಈಗಲೇ ಶೆಡ್ಡಿಗೆ ಹೋಗಿ ಹಾಕಿ ಬರುತ್ತೇನೆ.